ಪ್ರಯಾಣಿಕ ವಿಮಾನದಿಂದ ಅಗ್ನಿಶಾಮಕ ಟ್ಯಾಂಕರ್‌ಗೆ: ಗಾತ್ರ ಮತ್ತು ಯೋಗ್ಯತೆ

ಕಾಡ್ಗಿಚ್ಚಿನ ಮೇಲೆ ದ್ರಾವಣ ಸುರಿಯುವ ವಿಮಾನಗಳ ಬಗ್ಗೆ ಬರೆಯುವವರು ಮೊದಲು ಕೊಡುವ ಅಂಕಿ ಟ್ಯಾಂಕಿನ ಗಾತ್ರದ್ದು. ಬೋಯಿಂಗ್ 747-400ರಲ್ಲಿ ಸುಮಾರು 72,000 ಲೀಟರ್, ಡಿಸಿ-10ರಲ್ಲಿ 35,000ಕ್ಕೂ ಹೆಚ್ಚು, ಬೋಯಿಂಗ್ 737-300ರಲ್ಲಿ ಸುಮಾರು 15,000, ಬಿಎಇ 146ರಲ್ಲಿ ಸುಮಾರು 11,300. ಈ ಸಾಲಿನ ಹಿರಿಯಣ್ಣ 747 ಚಿಲಿ, ಬೊಲಿವಿಯಾಗಳ ಬೆಂಕಿಯ ಮೇಲೆ ಹಾರಿ ಹೆಸರು ಮಾಡಿದರೂ 2021ರಲ್ಲಿ ಈ ಕೆಲಸದಿಂದ ಹೊರಬಿದ್ದು ಸರಕು ವಿಮಾನವಾಯಿತು. ಕಿರಿಯದಾದ 146 ಮತ್ತು ಅದೇ ವಂಶದ ಆವ್ರೋ ಆರ್‌ಜೆ85 ಅಮೆರಿಕದಲ್ಲಿ ನೆಲೆಯೂರಿದವು. 747ರ ನಿರ್ಗಮನಕ್ಕೆ ಹಣಕಾಸಿನ ಕಾರಣಗಳಿದ್ದವು, ನಿಜ. ಆದರೆ ಟ್ಯಾಂಕರ್‌ನ ಯೋಗ್ಯತೆಯನ್ನು ಲೀಟರ್ ಲೆಕ್ಕದಲ್ಲಿ ಅಳೆಯುವುದೇ ತಪ್ಪು ಎಂಬುದು ಈ ಲೇಖನದ ವಾದ.

ಹಳೆಯ ವಿಮಾನಗಳನ್ನು ಹೀಗೆ ಮರುಬಳಸುವುದು ಹೊಸದಲ್ಲ. ಡಿಸಿ-4, ಡಿಸಿ-6, ಲಾಕ್‌ಹೀಡ್ ಎಲೆಕ್ಟ್ರಾಗಳು ಪ್ರಯಾಣಿಕ ಸೇವೆ ಮುಗಿಸಿ ಇದೇ ದಾರಿ ಹಿಡಿದಿದ್ದವು. ಅವುಗಳ ಜೊತೆಗೆ ಸೇನೆ ಕೈಬಿಟ್ಟ ವಿಮಾನಗಳೂ ಇದ್ದವು. 2002ರ ಬೇಸಿಗೆ ಈ ಪರಂಪರೆಗೆ ಪೆಟ್ಟು ಕೊಟ್ಟಿತು. ಜೂನ್ 17ರಂದು ಕ್ಯಾಲಿಫೋರ್ನಿಯಾದ ವಾಕರ್ ಬಳಿ ಸಿ-130ಎ ವಿಮಾನದ ರೆಕ್ಕೆಗಳು ಹಾರಾಟದಲ್ಲೇ ಕಳಚಿದವು. ಸುಮಾರು ಒಂದು ತಿಂಗಳ ನಂತರ ಕೊಲರಾಡೊದ ಎಸ್ಟೆಸ್ ಪಾರ್ಕ್ ಬಳಿ ಎರಡನೆಯ ಮಹಾಯುದ್ಧ ಕಾಲದ ಪ್ರೈವೇಟಿಯರ್ ವಿಮಾನದ ರೆಕ್ಕೆ ಮುರಿಯಿತು. ಎರಡೂ ಅಪಘಾತಗಳಲ್ಲಿ ಒಟ್ಟು ಐವರು ಸತ್ತರು. ಎರಡರಲ್ಲೂ ಲೋಹದ ದಣಿವಿನಿಂದಾದ ಬಿರುಕುಗಳೇ ಕಾರಣವೆಂದು ತನಿಖೆ ಹೇಳಿತು. 2004ರಲ್ಲಿ ಅಮೆರಿಕದ ಸರ್ಕಾರ 33 ದೊಡ್ಡ ಟ್ಯಾಂಕರ್‌ಗಳ ಗುತ್ತಿಗೆಯನ್ನು ರದ್ದುಮಾಡಿತು. ನಿವೃತ್ತ ಜೆಟ್‌ಗಳಿಗೆ ಬೇಡಿಕೆ ಬಂದದ್ದು ಹೀಗೆ.

ಪರಿವರ್ತನೆ ಎಂದರೆ ಸೀಟು ಕಿತ್ತು ಟ್ಯಾಂಕು ಕೂರಿಸುವುದಷ್ಟೇ ಅಲ್ಲ. ಟ್ಯಾಂಕಿನಲ್ಲಿರುವುದು ಹೆಚ್ಚಾಗಿ ಅಮೋನಿಯಂ ಫಾಸ್ಫೇಟ್ ಬೆರೆತ ಅಗ್ನಿರೋಧಕ ದ್ರಾವಣ. ಸುರಿದದ್ದು ಎಲ್ಲಿಗೆ ಮುಗಿಯಿತೆಂದು ಮುಂದಿನ ಪೈಲಟ್‌ಗೆ ಕಾಣಲೆಂದು ಅದಕ್ಕೆ ಕೆಂಪು ಬಣ್ಣ ಸೇರಿಸುತ್ತಾರೆ. ಸಾಮಾನ್ಯವಾಗಿ ಅದನ್ನು ಜ್ವಾಲೆಯ ಮೇಲಲ್ಲ, ಬೆಂಕಿ ಬರುವ ದಾರಿಗೆ ಅಡ್ಡಲಾಗಿ ಗೆರೆ ಎಳೆದಂತೆ ಸುರಿಯುತ್ತಾರೆ. ಗೆರೆಯಲ್ಲಿ ಒಂದೇ ಒಂದು ಕಡೆ ತೆಳುವಾದರೂ ಬೆಂಕಿ ಅಲ್ಲಿಂದ ನುಸುಳುತ್ತದೆ. ಕಷ್ಟ ಇರುವುದೇ ಇಲ್ಲಿ. ನೀರಿನ ಡ್ರಮ್ಮು ಖಾಲಿಯಾಗುತ್ತ ಬಂದಂತೆ ನಲ್ಲಿಯ ಧಾರೆ ಸಣ್ಣಗಾಗುವ ಹಾಗೆ, ಟ್ಯಾಂಕಿನ ಮಟ್ಟ ಇಳಿದಂತೆ ಹರಿವು ಕುಗ್ಗುತ್ತದೆ. ಅದಕ್ಕಾಗಿ ಹೊಟ್ಟೆಯಡಿಯ ಬಾಗಿಲುಗಳನ್ನು ಕಂಪ್ಯೂಟರ್ ಮೊದಲು ಕೊಂಚವೇ ತೆರೆದು, ಮಟ್ಟ ಇಳಿದಂತೆ ಅಗಲಿಸುತ್ತ ಹೋಗುತ್ತದೆ. ಹೊರಹೋದ ದ್ರಾವಣದ ಜಾಗ ತುಂಬಲು ಮೇಲಿನಿಂದ ಗಾಳಿಗೂ ದಾರಿ ಬೇಕು. ಒಣಹುಲ್ಲಿಗೆ ಚದರ ಮೀಟರಿಗೆ ಸುಮಾರು 0.4 ಲೀಟರ್ ಸಾಕಾದರೆ, ದಟ್ಟ ಪೊದೆಗೆ 2.4 ಲೀಟರ್ ಅಥವಾ ಅದಕ್ಕೂ ಹೆಚ್ಚು ಬೇಕು. ಬಯಲಿನಲ್ಲಿ ಸಾಲುಸಾಲಾಗಿ ಬಟ್ಟಲುಗಳನ್ನಿಟ್ಟು, ವಿಮಾನದಿಂದ ಸುರಿಸಿ, ಒಂದೊಂದರಲ್ಲಿ ಬಿದ್ದದ್ದನ್ನು ಅಳೆದ ಮೇಲಷ್ಟೇ ಅಮೆರಿಕದಲ್ಲಿ ಟ್ಯಾಂಕಿಗೆ ಒಪ್ಪಿಗೆ ಸಿಗುತ್ತದೆ. ಇಷ್ಟೊಂದು ಗಣಕ ನಿಯಂತ್ರಣದ ಯಂತ್ರಕ್ಕೆ ಬಟ್ಟಲುಗಳೇ ಪರೀಕ್ಷಕರು!

ಟ್ಯಾಂಕು ಎಲ್ಲಿ ಎಂಬುದು ಇನ್ನೊಂದು ಪ್ರಶ್ನೆ. 11,300 ಲೀಟರ್ ದ್ರಾವಣ ಸುಮಾರು 12 ಟನ್ ತೂಗುತ್ತದೆ; ಅಷ್ಟು ಭಾರ ಕೆಲವೇ ಸೆಕೆಂಡುಗಳಲ್ಲಿ ಇಳಿದುಹೋಗುವಾಗ ಗುರುತ್ವ ಕೇಂದ್ರ ಜರುಗಬಾರದು. 737ರಂಥ ತಗ್ಗು ರೆಕ್ಕೆಯ ವಿಮಾನದಲ್ಲಿ ಹೊಟ್ಟೆಯ ನಡುಭಾಗವನ್ನು ರೆಕ್ಕೆಯ ಚೌಕಟ್ಟು ಮತ್ತು ಚಕ್ರಗಳ ಗೂಡು ಆಕ್ರಮಿಸಿರುತ್ತವೆ. ಹಾಗಾಗಿ ಕೌಲ್ಸನ್ ಕಂಪನಿ ತನ್ನ 737ಗಳಲ್ಲಿ ಟ್ಯಾಂಕನ್ನು ರೆಕ್ಕೆಯ ಹಿಂದೆ ಮುಂದೆ ಎಂದು ಎರಡಾಗಿಸಿತು. ಕೆನಡಾದ ಕಾನ್‌ಏರ್ ಆರ್‌ಜೆ85ರ ಒಡಲಿಗೆ ಹೊರಗಿನಿಂದಲೇ ಟ್ಯಾಂಕು ತೊಡಿಸಿತು. ಎಂಡಿ-87ರ ಕಥೆ ಬೇರೆ. ಅದರ ಎಂಜಿನ್‌ಗಳು ಬಾಲದ ಹತ್ತಿರ ಇವೆ. 2014ರಲ್ಲಿ ಸೇವೆ ಆರಂಭಿಸಿದ ಕೆಲವೇ ದಿನಗಳಲ್ಲಿ, ಸುರಿದ ದ್ರಾವಣವನ್ನು ಎಂಜಿನ್‌ಗಳೇ ನುಂಗುವ ಅಪಾಯ ಕಂಡು ವಿಮಾನಗಳನ್ನು ನಿಲ್ಲಿಸಬೇಕಾಯಿತು. ಬಾಗಿಲುಗಳನ್ನು ಒಡಲಿನಿಂದ ಕೆಳಕ್ಕೆ ಇಳಿಸಿದ ಮೇಲೆ ಅವು ಮರಳಿ ಬಂದವು.

ಎಲ್ಲಕ್ಕಿಂತ ಸೂಕ್ಷ್ಮವಾದದ್ದು ಎಂಜಿನ್ ಸ್ಪಂದಿಸುವ ಹೊತ್ತು. 2023ರ ಫೆಬ್ರವರಿ 6ರಂದು ಪಶ್ಚಿಮ ಆಸ್ಟ್ರೇಲಿಯಾದ ಫಿಟ್ಜೆರಾಲ್ಡ್ ರಿವರ್ ರಾಷ್ಟ್ರೀಯ ಉದ್ಯಾನದಲ್ಲಿ ಒಂದು 737 ಟ್ಯಾಂಕರ್ ಇಳಿಜಾರಿನ ಉದ್ದಕ್ಕೆ ದ್ರಾವಣ ಸುರಿಯುತ್ತಿತ್ತು. ಎಂಜಿನ್‌ಗಳು ಅತಿ ಕಡಿಮೆ ವೇಗದಲ್ಲಿದ್ದವು. ಪೈಲಟ್ ಶಕ್ತಿ ಕೇಳಿದಾಗ ಅವು ವೇಗ ಪಡೆಯುವ ಮೊದಲೇ ವಿಮಾನ ದಿಬ್ಬದ ನೆತ್ತಿಗೆ ಬಡಿಯಿತು. ಇಬ್ಬರು ಪೈಲಟ್‌ಗಳೂ ಬದುಕುಳಿದರು. ಬಿಎಇ 146ರ ಬಾಲದ ತುದಿಯಲ್ಲಿ ಎರಡು ಪಕಳೆಗಳಾಗಿ ತೆರೆದುಕೊಳ್ಳುವ ಗಾಳಿತಡೆ ಇದೆ. ಅದನ್ನು ತೆರೆದರೆ ಎಂಜಿನ್‌ಗಳನ್ನು ಪೂರ್ತಿ ತಗ್ಗಿಸದೆಯೇ ಕಡಿದಾಗಿ ಇಳಿಯಬಹುದು. ಲಂಡನ್ ಸಿಟಿಯಂಥ ಇಕ್ಕಟ್ಟಿನ ನಿಲ್ದಾಣಗಳಿಗೆ ಒಗ್ಗಿಸಿದ್ದ ಈ ಗುಣವೇ ಕಣಿವೆಗಳಲ್ಲಿ ನೆರವಿಗೆ ಬಂತು.

ಆಯಸ್ಸಿನ ಲೆಕ್ಕವೂ ಬದಲಾಗುತ್ತದೆ. ಪ್ರಯಾಣಿಕ ವಿಮಾನದ ಒಡಲು ಪ್ರತಿ ಹಾರಾಟದಲ್ಲೂ ಒಳಗಿನ ಗಾಳಿಯೊತ್ತಡದಿಂದ ದಣಿಯುತ್ತದೆ. ಟ್ಯಾಂಕರ್‌ನಲ್ಲಿ ತಗ್ಗು ಹಾರಾಟ, ಬಿಸಿಗಾಳಿಯ ಹೊಡೆತ, ತೀವ್ರ ತಿರುವುಗಳಿಂದ ರೆಕ್ಕೆ ದಣಿಯುತ್ತದೆ. ಆದ್ದರಿಂದ ಹಳೆಯ ನಿರ್ವಹಣಾ ವೇಳಾಪಟ್ಟಿಯನ್ನು ಹಾಗೆಯೇ ಮುಂದುವರಿಸುವಂತಿಲ್ಲ.

2019ರ ಫೆಬ್ರವರಿಯಲ್ಲಿ ಬಂಡೀಪುರ ಹೊತ್ತಿ ಉರಿದಾಗ ವಾಯುಪಡೆಯ ಎಂಐ-17 ಹೆಲಿಕಾಪ್ಟರ್‌ಗಳು ಬಕೆಟ್ ತೂಗುಬಿಟ್ಟು ನೀರು ಸುರಿದವು. ಅಂಥ ಸಂದರ್ಭಗಳಲ್ಲಿ ನಮಗೂ ದೊಡ್ಡ ಟ್ಯಾಂಕರ್ ಬೇಕೆಂಬ ಮಾತು ಕೇಳಿಬರುವುದು ಸಹಜ. ಆದರೆ ಟ್ಯಾಂಕರ್ ಬೆಂಕಿಯನ್ನು ತಡೆಹಿಡಿಯುತ್ತದೆ, ಆರಿಸುವುದು ನೆಲದ ಮೇಲಿನ ಜನ. ಟ್ಯಾಂಕರ್‌ಗೆ ಉದ್ದ ರನ್‌ವೇ, ದ್ರಾವಣ ಬೆರೆಸಿ ತುಂಬುವ ನೆಲೆ, ಮುಂದೆ ಹಾರಿ ದಾರಿ ತೋರುವ ಪುಟ್ಟ ವಿಮಾನ ಎಲ್ಲವೂ ಬೇಕು. ಮರಗಳಡಿಯ ಹುಲ್ಲು, ತರಗೆಲೆ, ಲಂಟಾನದಲ್ಲಿ ಹರಿಯುವ ನಮ್ಮ ಬೆಂಕಿಗೆ ಬೇಸಿಗೆಗೆ ಮೊದಲೇ ಕಡಿದ ಬೆಂಕಿ ರೇಖೆ ಮತ್ತು ಸಕಾಲಕ್ಕೆ ಸಂಬಳ ಪಡೆಯುವ ಫೈರ್ ವಾಚರ್‌ಗಳೇ ಮೊದಲ ಹೂಡಿಕೆಯಾಗಬೇಕು. ನಿವೃತ್ತ ಜೆಟ್‌ನ ಪ್ರಸ್ತಾವ ಆಮೇಲಿನದು.