ಅಕಾಲದ ರಜೋನಿವೃತ್ತಿ : ಪ್ರಾಚೀನ ವೈದ್ಯವೂ ಶರಣರ ದೃಷ್ಟಿಯೂ

ಸ್ತ್ರೀಯರಲ್ಲಿ ಆರ್ತವವು 12ನೆಯ ವಯಸ್ಸಿನ ತರುವಾಯ ತೋರಿ, ಮುಪ್ಪಿನಿಂದ ದೇಹವು ಪಕ್ವವಾದ ಮೇಲೆ 50ರ ಹೊತ್ತಿಗೆ ಕ್ಷಯವನ್ನೈದುವುದೆಂದು ಸುಶ್ರುತಸಂಹಿತೆಯ ಶಾರೀರಸ್ಥಾನದಲ್ಲಿ ಉಕ್ತವಾಗಿದೆ. ಕಾಲಕ್ಕೆ ತಕ್ಕಂತೆ ನಿಲ್ಲುವುದನ್ನು ಆ ಆಚಾರ್ಯನು ರೋಗವೆಂದೆಣಿಸಲಿಲ್ಲ, ಅದು ವಯೋಧರ್ಮ. ಆದರೆ ಮೂವತ್ತು, ಮೂವತ್ತೈದರ ಪ್ರಾಯದಲ್ಲಿಯೇ ನಿಂತುಹೋದರೆ? ಇದಕ್ಕೆಂದೇ ಮೀಸಲಾದ ಪ್ರತ್ಯೇಕ ರೋಗನಾಮವು ಆ ಸಂಹಿತೆಯಲ್ಲಿಲ್ಲ. ‘ಆರ್ತವಕ್ಷಯ’, ‘ನಷ್ಟಾರ್ತವ’ ಎಂಬ ವಿಶಾಲವಾದ ಹೆಸರುಗಳಲ್ಲಿಯೇ ಇದೂ ಅಡಗಿದೆ.

ಈ ವ್ಯಾಧಿಯ ಕಾರಣವನ್ನು ಪ್ರಾಚೀನರು ತಿಳಿದ ಬಗೆ ಗಮನಾರ್ಹವಾದುದು. ದೋಷಗಳು ಮಾರ್ಗವನ್ನು ಆವರಿಸುವುದರಿಂದ ಆರ್ತವವು ಕಾಣದಾಗುವುದೆಂಬುದು ಸುಶ್ರುತನ ಮತ. ತೂಬು ಕಟ್ಟಿದ ಕೆರೆಯಿಂದ ನೀರು ಹರಿಯದಂತೆ ಇದು. ಆದುದರಿಂದಲೇ ಶೋಧನಕ್ರಮಗಳನ್ನೂ, ದೇಹಕ್ಕೆ ಉಷ್ಣವನ್ನು ಕೊಡುವ ಆಗ್ನೇಯ ದ್ರವ್ಯಗಳನ್ನೂ ಆತನು ವಿಧಿಸಿದನು. ಹುರುಳಿ, ಎಳ್ಳು, ಉದ್ದು, ಹುಳಿ ಪದಾರ್ಥ, ಮೊಸರು, ನೀರು ಬೆರೆಸಿ ಕಡೆದ ಮಜ್ಜಿಗೆ ಇವುಗಳೊಡನೆ ಮತ್ಸ್ಯ, ಸುರೆ, ಗೋಮೂತ್ರಗಳೂ ಆತನ ಪಟ್ಟಿಯಲ್ಲಿವೆ. ವಾಗ್ಭಟನ ಅಷ್ಟಾಂಗಹೃದಯದಲ್ಲಿ ಬರುವ ಫಲಘೃತದಲ್ಲಿ ಅಶ್ವಗಂಧ, ಶತಾವರಿಗಳು ಸೇರಿವೆ. ದಾಸವಾಳದ ಹೂವನ್ನು ಗಂಜಿಯ ಹುಳಿನೀರಿನೊಡನೆ ಸೇವಿಸುವ ಕ್ರಮವು ತರುವಾಯದ ಗ್ರಂಥಗಳಲ್ಲಿ ಕಾಣಬರುತ್ತದೆ.

ಕನ್ನಡ ನಾಡಿನ ವೈದ್ಯಪರಂಪರೆಯು ಈ ಶಾಸ್ತ್ರವನ್ನು ತನ್ನ ಆಚಾರಕ್ಕೆ ಹೊಂದಿಸಿಕೊಂಡಿತು. ರಾಷ್ಟ್ರಕೂಟ ಅಮೋಘವರ್ಷನ ಕಾಲದ ಉಗ್ರಾದಿತ್ಯನು ಸಂಸ್ಕೃತದಲ್ಲಿ ರಚಿಸಿದ ‘ಕಲ್ಯಾಣಕಾರಕ’ವೂ, 12ನೆಯ ಶತಮಾನದ ಜಗದ್ದಳ ಸೋಮನಾಥನ ‘ಕರ್ನಾಟಕ ಕಲ್ಯಾಣಕಾರಕ’ವೂ ಮದ್ಯ, ಮಾಂಸ, ಮಧುಗಳನ್ನು ವರ್ಜಿಸಿದ ಚಿಕಿತ್ಸಾಮಾರ್ಗಕ್ಕೆ ಸೇರಿದವು. ಇಂತಹ ಮಾರ್ಗದಲ್ಲಿ ಸುಶ್ರುತನ ಮತ್ಸ್ಯ, ಸುರೆಗಳಿಗೆ ಎಡೆಯಿಲ್ಲ. ಧಾನ್ಯ, ಬೇರು, ತುಪ್ಪಗಳಿಗೇ ಪ್ರಾಧಾನ್ಯ. ಶತಾವರಿಗೆ ಕನ್ನಡಿಗರು ‘ಹಲವು ಮಕ್ಕಳ ತಾಯಿ ಬೇರು’ ಎಂದು ಹೆಸರಿಟ್ಟರು. ನೆಲದಡಿಯಲ್ಲಿ ಗೊಂಚಲಾಗಿ ಬೆಳೆಯುವ ಗಡ್ಡೆಗಳನ್ನು ಕಂಡವರಿಗೆ ಈ ಹೆಸರಿನ ಔಚಿತ್ಯ ತಾನೇ ಹೊಳೆಯುತ್ತದೆ. ಮಕ್ಕಳ ಭಾಗ್ಯಕ್ಕಾಗಿ ಹಂಬಲಿಸಿದ ಹೆಣ್ಣಿಗೆ ಆ ಹೆಸರೇ ಭರವಸೆಯಾಗಿ ಕೇಳಿಸಿದ್ದರೆ ಅಚ್ಚರಿಯಿಲ್ಲ.

ಆದರೆ ಔಷಧಕ್ಕಿಂತ ಮೊದಲು ಬೇಕಾದುದು ನೋವನ್ನು ಹೇಳಿಕೊಳ್ಳುವ ಧೈರ್ಯ. ಮುಟ್ಟನ್ನು ಮೈಲಿಗೆಯೆಂದು ಎಣಿಸುವ ಸಮಾಜದಲ್ಲಿ ಅದು ಬಂದರೂ ಮರೆಮಾಚಬೇಕು, ಬಾರದಿದ್ದರೂ ಮರೆಮಾಚಬೇಕು. ಇಲ್ಲಿಯೇ 12ನೆಯ ಶತಮಾನದ ಶರಣರ ನಿಲುವಿನ ಮಹತ್ತ್ವವಿರುವುದು. ಜನನ, ಮರಣ, ಜಾತಿ, ಉಚ್ಛಿಷ್ಟಗಳೊಂದಿಗೆ ರಜಸ್ಸಿನ ಸೂತಕವನ್ನೂ ಅವರು ನಿರಾಕರಿಸಿದರು. ಇಷ್ಟಲಿಂಗವನ್ನು ಧರಿಸಿದ ಅಂಗಕ್ಕೆ ಸೂತಕವಿಲ್ಲವೆಂದ ಮೇಲೆ ಆ ದಿನಗಳಲ್ಲಿಯೂ ಪೂಜೆ ನಿಲ್ಲಬೇಕಾಗಿಲ್ಲ. ರಜಸ್ಸು ಬರುವುದು ಕಳಂಕವಲ್ಲವಾದರೆ, ಅದು ಅಕಾಲದಲ್ಲಿ ನಿಲ್ಲುವುದೂ ಕಳಂಕವಾಗಲಾರದು. ಇದು ಆ ತತ್ತ್ವದಿಂದ ಸಹಜವಾಗಿ ಹೊಮ್ಮುವ ಫಲಿತಾರ್ಥ. ಶರಣರ ಗಣದಲ್ಲಿ ವೈದ್ಯ ಸಂಗಣ್ಣನಿದ್ದುದನ್ನೂ, ವೈದ್ಯದ ಪರಿಭಾಷೆಯು ಅವನ ವಚನಗಳಲ್ಲಿ ಅನುಭಾವಕ್ಕೆ ವಾಹನವಾದುದನ್ನೂ ಇಲ್ಲಿ ಸ್ಮರಿಸಬಹುದು. ದೇಹದ ವಿಚಾರ ಆ ಗೋಷ್ಠಿಗೆ ಹೊರತಾಗಿರಲಿಲ್ಲ.

ಇನ್ನು ಈ ಮದ್ದುಗಳ ಬಲಾಬಲ. ತಾರುಣ್ಯದಲ್ಲಿಯೇ ಅಂಡಾಶಯವು ಸೋಲುವ ಈ ಸ್ಥಿತಿಯನ್ನು ಅಮೆರಿಕದ ವೈದ್ಯ ಫುಲರ್ ಆಲ್‌ಬ್ರೈಟ್ ಮತ್ತು ಆತನ ಸಹೋದ್ಯೋಗಿಗಳು 1942ರಲ್ಲಿ ಸ್ಪಷ್ಟವಾಗಿ ವಿವರಿಸಿದರು. 40 ವರ್ಷಕ್ಕೆ ಮೊದಲು ಹೀಗಾಗುವವರು ನೂರಕ್ಕೆ ಒಬ್ಬರೆಂಬುದು ಬಹುಕಾಲ ಪ್ರಚಲಿತವಾಗಿದ್ದ ಅಂದಾಜು. ಈಚಿನ ಲೆಕ್ಕಗಳು ಇನ್ನೂ ಹೆಚ್ಚೆನ್ನುತ್ತವೆ. ವರ್ಣತಂತುಗಳ ದೋಷ, ದೇಹವು ತನ್ನ ಅಂಗವನ್ನು ತಾನೇ ಹಳಿಯುವ ವಿಕಾರ, ಅರ್ಬುದದ ಚಿಕಿತ್ಸೆ ಇವು ಕೆಲವು ಕಾರಣಗಳು. ಅನೇಕರಲ್ಲಿ ಕಾರಣವೇ ದೊರೆಯದು. ಇಲ್ಲಿ ತೂಬು ಕಟ್ಟಿರುವುದಲ್ಲ, ಕೆರೆಯ ನೀರೇ ತಗ್ಗಿರುವುದು. ಅಂಡಕೋಶಗಳ ಸಂಗ್ರಹ ಬರಿದಾಗಿರುತ್ತದೆ, ಇಲ್ಲವೆ ಅವು ಕೆಲಸಮಾಡದಾಗಿರುತ್ತವೆ. ಮಾರ್ಗವನ್ನು ತೆರೆಯಲೆಂದು ಕಲ್ಪಿಸಿದ ಉಷ್ಣೌಷಧವು ಬರಿದಾದುದನ್ನು ತುಂಬಲಾರದು. ಶತಾವರಿಯಾಗಲಿ ಎಳ್ಳಾಗಲಿ ಅಂಡಾಶಯವನ್ನು ಮರಳಿ ಎಚ್ಚರಿಸಿತೆಂಬುದು ಸಿದ್ಧಪಟ್ಟಿಲ್ಲ. ಅಲ್ಲದೆ ಮುಟ್ಟು ನಿಂತುದಕ್ಕೆ ಗರ್ಭವೂ ಕಾರಣವಾಗಿರಬಹುದಾದುದರಿಂದ, ಅದನ್ನು ಪರೀಕ್ಷಿಸದೆ ಮುಟ್ಟು ತರಿಸುವ ಮದ್ದನ್ನು ಕೊಡುವುದು ಅಪಾಯಕರ.

ಎಳ್ಳು, ಉದ್ದು, ಹುರುಳಿಗಳು ಆಹಾರವಾಗಿ ಹಿತಕರವೆಂಬುದರಲ್ಲಿ ಸಂದೇಹವಿಲ್ಲ. ಅವನ್ನು ಚಿಕಿತ್ಸೆಯೆಂದು ನಂಬಿ ವರ್ಷಗಳನ್ನು ಕಳೆಯುವುದರಲ್ಲಿಯೇ ಹಾನಿಯಿರುವುದು. ಈಸ್ಟ್ರೋಜನ್ ಎಂಬ ರಸದ ಕೊರತೆಯಿಂದ ಎಲುಬುಗಳು ಸವೆಯುತ್ತವೆ, ಹೃದಯರೋಗದ ಸಂಭವವೂ ಹೆಚ್ಚುತ್ತದೆ. ಆದುದರಿಂದ ರಕ್ತಪರೀಕ್ಷೆಯಿಂದ ನಿಜವನ್ನರಿತು, ಬಾಧಕವಿಲ್ಲದವರಿಗೆ ಸಹಜ ನಿವೃತ್ತಿಯ ವಯಸ್ಸಿನವರೆಗೆ, ಎಂದರೆ ಸುಮಾರು 50ರವರೆಗೆ, ಆ ರಸವನ್ನು ಹೊರಗಿನಿಂದ ಕೊಡುವುದು ಇಂದಿನ ವೈದ್ಯಸಮ್ಮತ ಕ್ರಮ. ಸುಶ್ರುತನು ಕಂಡ ವಯೋಮಿತಿಯೂ ಇದೇ ಎಂಬುದು ಕುತೂಹಲಕರ. ಪ್ರಾಚೀನರು ಇದನ್ನು ಪಾಪವೆನ್ನದೆ ವ್ಯಾಧಿಯೆಂದರು. ಶರಣರು ಮೈಲಿಗೆಯನ್ನೇ ಅಲ್ಲಗಳೆದರು. ಈ ಎರಡು ವಿವೇಕಗಳನ್ನು ಉಳಿಸಿಕೊಂಡ ಮನೆತನದಲ್ಲಿ ಹೆಣ್ಣುಮಗಳು ತನ್ನ ಬಾಧೆಯನ್ನು ತಾಯಿಗೂ ವೈದ್ಯರಿಗೂ ವೇಳೆ ಮೀರುವ ಮುನ್ನ ಹೇಳಬಲ್ಲಳು.