ಮಿದುಳುಗಡ್ಡೆ ರೋಗಿಗಳಲ್ಲಿ ಖಿನ್ನತೆ

ಮಿದುಳುಗಡ್ಡೆಯ ರೋಗಿಗಳಲ್ಲಿ, ಕೀಮೋಥೆರಪಿಯ ಅವಧಿಯಲ್ಲೂ ಕಾಣಿಸಿಕೊಂಡು ಜೀವನದ ಗುಣಮಟ್ಟವನ್ನು ಕುಗ್ಗಿಸುವ ಮಾನಸಿಕ ಕಾಯಿಲೆ. ರೋಗದ ಆಘಾತವಲ್ಲದೆ ಮಿದುಳಿನ ಭಾವನಿಯಂತ್ರಕ ಭಾಗಗಳಿಗೆ ಗಡ್ಡೆಯಿಂದಾಗುವ ಹಾನಿ, ಊತ ತಗ್ಗಿಸುವ ಡೆಕ್ಸಾಮೆಥಸೋನ್, ಫಿಟ್ಸ್ ತಡೆಯುವ ಲೆವೆಟಿರಾಸಿಟಮ್ ಕೂಡ ಇದಕ್ಕೆ ಕಾರಣವಾಗಬಹುದು. ಗ್ಲಿಯೊಬ್ಲಾಸ್ಟೋಮಾ ಎಂಬ ಮಿದುಳುಗಡ್ಡೆಯಲ್ಲಿ ವಿಕಿರಣ ಚಿಕಿತ್ಸೆ ಮುಗಿದ ಮೇಲೆ ಟೆಮೊಝೊಲೊಮೈಡ್ ಎಂಬ ಕೀಮೋಥೆರಪಿ ಮಾತ್ರೆಯನ್ನು ಸಾಮಾನ್ಯವಾಗಿ 28 ದಿನಗಳಿಗೊಮ್ಮೆ 5 ದಿನ ಕೊಡುತ್ತಾರೆ. ಆಗಿನ ಸುಸ್ತು, ನಿದ್ರೆಯ ಏರುಪೇರು, ಊಟ ಸೇರದಿರುವುದು ಖಿನ್ನತೆಯ ಲಕ್ಷಣಗಳೂ ಆಗಿರುವುದರಿಂದ ಖಿನ್ನತೆ ಗಮನಕ್ಕೆ ಬಾರದೇ ಉಳಿಯುವುದುಂಟು; ಇದೇ ರೋಗನಿರ್ಣಯದ ದೊಡ್ಡ ತೊಡಕು. ಇಷ್ಟದ ಕೆಲಸಗಳಲ್ಲಿ ಆಸಕ್ತಿ ಬತ್ತುವುದು, ಮನೆಯವರಿಗೆ ತಾನು ಹೊರೆಯೆಂಬ ಕೊರಗು ಹೆಚ್ಚು ಸ್ಪಷ್ಟ ಸೂಚನೆಗಳು. ಮಾತು ತಡವರಿಸುವ, ಮರೆವಿರುವ ರೋಗಿಯ ವಿಷಯದಲ್ಲಿ ಆರೈಕೆ ಮಾಡುವವರನ್ನೂ ವಿಚಾರಿಸಲೇಬೇಕು. ಆಪ್ತಸಮಾಲೋಚನೆ, ಖಿನ್ನತೆನಿವಾರಕ ಔಷಧಿ ಚಿಕಿತ್ಸೆಯ ಮುಖ್ಯ ದಾರಿಗಳು. ಈ ಔಷಧಿಗಳಲ್ಲಿ ಬುಪ್ರೊಪಿಯಾನ್ ಫಿಟ್ಸ್‌ನ ಅಪಾಯ ಹೆಚ್ಚಿಸುವುದರಿಂದ ಅದನ್ನು ಸಾಮಾನ್ಯವಾಗಿ ಕೊಡುವುದಿಲ್ಲ.