ಮಂಗನ ಕಾಯಿಲೆ: ಕ್ಯಾಸನೂರು ಕಾಡಿನ ಪಾಠ

1957ರ ಮಾರ್ಚ್. ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗ, ಮುಸುವಗಳು ಸತ್ತು ಬೀಳತೊಡಗಿದವು. ಸುತ್ತಲಿನ ಹಳ್ಳಿಗರಿಗೂ ತೀವ್ರ ಜ್ವರ. ಆಫ್ರಿಕ, ದಕ್ಷಿಣ ಅಮೆರಿಕಗಳ ಹಳದಿ ಜ್ವರ ಭಾರತಕ್ಕೂ ಬಂದಿತೇ? ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳಿಗೆ ಮೊದಲು ಬಂದ ಶಂಕೆ ಇದು. ಟೆಲ್ಫೋರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೊ ಮೊದಲಾದವರ ಪರೀಕ್ಷೆಗಳಲ್ಲಿ ದೊರೆತದ್ದು ಮಾತ್ರ ಹೊಸ ವೈರಸ್. ಅದು ರಷ್ಯಾದ ಮಿದುಳು ಜ್ವರದ ವೈರಸ್‌ಗೆ ಹತ್ತಿರದ್ದು. ವಾಹಕ ಸೊಳ್ಳೆಯಲ್ಲ, ಉಣುಗು.

ಮಂಗ ಸತ್ತಾಗ ಅದರ ಮೈಮೇಲಿನ ಉಣುಗುಗಳು ನೆಲಕ್ಕಿಳಿಯುತ್ತವೆ. ಬೇಸಗೆಯ ತಿಂಗಳುಗಳಲ್ಲಿ ಅವುಗಳ ಮರಿಗಳು ತರಗೆಲೆಗಳಲ್ಲಿ ಹೇರಳ. ಸೌದೆ, ದರಗು ತರುವ ಹಿರಿಯರನ್ನೂ ದನದ ಹಿಂದೆ ಹೋಗುವ ಮಕ್ಕಳನ್ನೂ ಅವು ಕಚ್ಚುತ್ತವೆ. 3ರಿಂದ 8 ದಿನಗಳಲ್ಲಿ ಜ್ವರ, ತಲೆನೋವು, ಮೈಕೈ ನೋವು ಕಾಣಿಸುತ್ತವೆ. ಕೆಲವರಿಗೆ ಮೂಗು, ವಸಡುಗಳಿಂದ ರಕ್ತ ಒಸರುತ್ತದೆ. ಜ್ವರ ಇಳಿದು ಮರುಕಳಿಸಿ ಮಿದುಳನ್ನು ಬಾಧಿಸುವುದೂ ಉಂಟು. ರೋಗಿಗಳಲ್ಲಿ ನೂರಕ್ಕೆ 3ರಿಂದ 5 ಮಂದಿ ಸಾಯುತ್ತಾರೆ. ರೋಗಿಯಿಂದ ಇನ್ನೊಬ್ಬರಿಗೆ ಇದು ಹರಡದು.

ನಿಷ್ಕ್ರಿಯ ವೈರಸ್‌ನ ಲಸಿಕೆ 1990ರಿಂದ ಬಳಕೆಗೆ ಬಂದಿತು. ಆದರೆ 6 ವರ್ಷದೊಳಗಿನ ಮಕ್ಕಳಿಗೆ ಅದನ್ನು ಕೊಡುತ್ತಿರಲಿಲ್ಲ. ಸಾಮರ್ಥ್ಯ ಕುಂದಿದ್ದರಿಂದ 2022ರಲ್ಲಿ ಅದೂ ನಿಂತಿತು. ಹೊಸ ಲಸಿಕೆಯ ಪ್ರಯತ್ನ ನಡೆದಿದೆ. ನಿರ್ದಿಷ್ಟ ಔಷಧಿಯಿಲ್ಲದ ಈ ರೋಗಕ್ಕೆ ಎಚ್ಚರವೇ ಮೊದಲ ಮದ್ದು. ಕಾಡಿಗೆ ಹೋಗುವ ಮುನ್ನ ಡೀಪಾ ತೈಲ ಹಚ್ಚಿ. ಬಂದೊಡನೆ ಬಿಸಿನೀರಿನ ಸ್ನಾನ ಮಾಡಿ, ಮಕ್ಕಳ ಮೈ ನೋಡಿ. ಸತ್ತ ಮಂಗ ಕಂಡರೆ ಮುಟ್ಟದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ. 1957ರಲ್ಲಿ ಕಾಡು ಕೊಟ್ಟ ಮುನ್ಸೂಚನೆ ಅದೇ ಅಲ್ಲವೇ?